ಪೈಲ್ವಾನನ ಮುಖಕ್ಕೆ ಕುಳಿತವಳು

ಹಳಿಯಾಳದ ತಾಲೀಮಿನ, ಅಂದರೆ ಗರಡಿಮನೆಯ, ಗೋಡೆಯ ಮೇಲಿನ ಚಿತ್ರದಲ್ಲಿ ಗದೆ ಹಿಡಿದು ನಿಂತಿರುವ ಪೈಲ್ವಾನ ನಮ್ಮ ಅಪ್ಪ ಅಂತ ಊರು ತಿಳಿದಿದೆ. ಅಲ್ಲ. ಕುತ್ತಿಗೆಯಿಂದ ಕೆಳಗಿರುವುದು ಆಗ ತಾಲೀಮಿಗೆ ಬರುತ್ತಿದ್ದ ಒಬ್ಬ ಹುಡುಗನ ಮೈ, ಅವನು ಆಮೇಲೆ ಗೋವಾಕ್ಕೆ ಹೋಗಿ ಹೋಟೆಲಿನಲ್ಲಿ ಪಾತ್ರೆ ತೊಳೆದ. ಕುತ್ತಿಗೆಯಿಂದ ಮೇಲಿರುವುದು ನಾನು. ಮೀಸೆ ಮಾತ್ರ ಚಿತ್ರ ಬರೆದವನ ಪುಕ್ಕಟೆ ಕೊಡುಗೆ. ಈ ಮಾತನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ. ಈಗ ನನ್ನ ಮೊಮ್ಮಗಳು ಅದೇ ತಾಲೀಮಿನಲ್ಲಿ ಕುಸ್ತಿ ಕಲಿಯುತ್ತಾಳೆ. ನಮ್ಮ ಕಾಲಕ್ಕೆ ಹೆಣ್ಣು ಅದರ ಹೊಸ್ತಿಲು ತುಳಿಯುವಂತಿರಲಿಲ್ಲ. ಇವಳು ಮೊದಲ ದಿನ ಮಣ್ಣು ಮೆತ್ತಿಕೊಂಡು ಬಂದವಳೇ ಕೇಳಿದಳು:

“ಅಜ್ಜಿ, ಗ್ವಾಡಿ ಮ್ಯಾಲ ನೀ ಯಾಕ ಮೀಸಿ ಹಚ್ಕೊಂಡು ನಿಂತೀ?”

ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ನನ್ನ ಅಕ್ಷರ ದಪ್ಪ, ಕೈ ನಿಧಾನ.

ನಮ್ಮ ಮನೆ ತಾಲೀಮಿನ ಹಿಂದಿನ ಓಣಿಯಲ್ಲಿತ್ತು. ಮುಂದೆ ಪಡಸಾಲೆ, ನಡುವೆ ಕತ್ತಲೆಯ ನಡುಮನೆ, ಹಿಂದೆ ಅಡುಗೆಮನೆ, ಹಿತ್ತಲಲ್ಲಿ ಒಂದು ಎಮ್ಮೆ. ಎಮ್ಮೆ ಕಟ್ಟಿದ್ದು ಅಪ್ಪನಿಗಾಗಿ. ಹಾಲು ಅವನದು, ತುಪ್ಪ ಅವನದು, ಮಜ್ಜಿಗೆ ನಮ್ಮದು. ಬೆಳಕು ಹರಿಯುವ ಮೊದಲೇ ಅವ್ವ ನೆನೆಹಾಕಿದ ಬಾದಾಮಿಯನ್ನು ಕಲ್ಲಿನ ಮೇಲೆ ಅರೆಯುತ್ತಿದ್ದಳು. ಆಯಿ, ಅಂದರೆ ಅಪ್ಪನ ತಾಯಿ, ಎದುರಿಗೆ ಕುಳಿತು ಸೊಸೆ ಬೆರಳು ನೆಕ್ಕದಂತೆ ಕಾಯುತ್ತಿದ್ದಳು. ಬೇರೆಯವರ ಮನೆಯಲ್ಲಿ ಹೊಲ ಇದ್ದ ಹಾಗೆ ನಮ್ಮ ಮನೆಯಲ್ಲಿ ಅಪ್ಪನ ಮೈ ಇತ್ತು. ಎಲ್ಲರೂ ಅದಕ್ಕೇ ದುಡಿಯಬೇಕು, ಬೆಳೆ ಬಂದರೆ ಊರೆಲ್ಲ ನೋಡಬೇಕು. ಅವನು ದಾಂಡೇಲಿಯಲ್ಲಿ ಲಾರಿಗೆ ಕಟ್ಟಿಗೆ ತುಂಬುವ ಕೆಲಸ ಮಾಡುತ್ತಿದ್ದ, ಕುಸ್ತಿ ಇದ್ದಾಗ ಕೆಲಸ ಬಿಟ್ಟು ಬಂದು ಮಣ್ಣಿಗಿಳಿಯುತ್ತಿದ್ದ. ಅವನ ತೊಡೆ ನೋಡಲಿಕ್ಕೆಂದೇ ಪರವೂರಿನವರು ಬರುತ್ತಿದ್ದರು. ಅಂಥ ತೊಡೆಯವನು ಒಂದು ಬೇಸಿಗೆ ಜ್ವರ ಬಂದು ಮಲಗಿದ, ಏಳಲಿಲ್ಲ. ಅಷ್ಟೇ. ಎಮ್ಮೆಗೆ ಯಾರೂ ಸುದ್ದಿ ಮುಟ್ಟಿಸಲಿಲ್ಲ, ಅದು ಮೊದಲಿನಷ್ಟೇ ಹಾಲು ಕೊಡುತ್ತಿತ್ತು.

ತಾಲೀಮಿನಲ್ಲಿ ಒಂದು ಪದ್ಧತಿ. ಗದೆ ಗೆದ್ದ ಪೈಲ್ವಾನ ಸತ್ತರೆ ಅವನ ಚಿತ್ರ ಬರೆಸಬೇಕು. ನಾಗರ ಪಂಚಮಿಗೆ ಕೆಂಪು ಮಣ್ಣಿನ ಪೂಜೆ ಆಗುತ್ತದಲ್ಲ, ಆ ದಿನ ಅದನ್ನು ಹನುಮಪ್ಪನ ಬಲಗಡೆ ತೂಗುಹಾಕಬೇಕು. ಆದರೆ ತೂಗುಹಾಕುವ ಮೊದಲು ಹೆತ್ತವಳು ಚಿತ್ರ ನೋಡಿ ‘ಹೌದು’ ಅನ್ನಬೇಕು. ಹಿಂದಿನ ಪೈಲ್ವಾನರೆಲ್ಲ ಮುದುಕರಾಗಿ ಸತ್ತವರು. ಅವರ ತಾಯಂದಿರು ಎಂದೋ ಹೋಗಿದ್ದರು, ಹಾಗಾಗಿ ಕುಸ್ತಿ ಕಲಿಸುವ ವಸ್ತಾದ ಕಾಕಾನೇ ‘ಹೌದು’ ಅಂದು ಕಾಯಿ ಒಡೆಯುತ್ತಿದ್ದ. ತಾಯಿ ಇನ್ನೂ ಬದುಕಿರುವಾಗ ಗೋಡೆ ಏರಬೇಕಾದವನು ಅಪ್ಪನೇ ಮೊದಲಿಗ. ಆ ಪದ್ಧತಿ ಯಾರನ್ನಾದರೂ ಕಟ್ಟಿಹಾಕೀತು ಅಂತ ಆವರೆಗೆ ಯಾರಿಗೂ ಹೊಳೆದಿರಲಿಲ್ಲ.

ಇನ್ನೊಂದು ತೊಡಕು ಫೋಟೋದ್ದು. ಫೋಟೋ ತೆಗೆಸಿದರೆ ಮೈ ಇಳಿಯುತ್ತದೆ ಅಂತ ಅಪ್ಪ ನಂಬಿದ್ದ. ತಾಲೀಮಿನವರೆಲ್ಲ ಕೂಡಿ ತೆಗೆಸಿದ್ದು ಒಂದಿತ್ತು, ಅದರಲ್ಲೂ ಗುಂಡಿ ಒತ್ತುವ ಹೊತ್ತಿಗೆ ಯಾರೋ ಕರೆದರೆಂದು ಹೊರಳಿಬಿಟ್ಟಿದ್ದ. ಮುಖ ಇರಬೇಕಾದಲ್ಲಿ ಹಿಟ್ಟು ಒರೆಸಿದ ಹಾಗೆ ಬಿಳಿ ಬಿಳಿ. ದಾಂಡೇಲಿಯಿಂದ ಪೇಂಟರ್ ರಸೂಲ್ ಮಾಮಾನನ್ನು ಕರೆಸಿದರು. ಲಾರಿಗಳ ಹಿಂದೆ ನವಿಲು, ಅಂಗಡಿಗಳ ಮುಂದೆ ಹೆಸರು ಬರೆಯುವವನು. ತಗಡಿನ ಟ್ರಂಕು ಹೆಗಲ ಮೇಲಿಟ್ಟುಕೊಂಡು ಬಸ್ಸಿಳಿದು ಬಂದ. ಫೋಟೋ ನೋಡಿದ, ಆಯಿಯನ್ನು ನೋಡಿದ, ಆಮೇಲೆ ಬಾಗಿಲ ಹತ್ತಿರ ಎಮ್ಮೆಗೆ ಹುಲ್ಲು ಹಿಡಿದು ನಿಂತಿದ್ದ ನನ್ನನ್ನು ನೋಡಿದ.

“ವಸ್ತಾದ, ಫೋಟೋ ಯಾಕ ಬೇಕ್ರಿ? ಮಾರಿ ಇಲ್ಲೇ ನಿಂತೈತಿ.”

“ಅದು ಹುಡುಗಿ ಐತೋ ಮಾರಾಯಾ.”

“ಮೀಸಿ ನಾ ಕೊಡ್ತೇನಿ.”

ಎಲ್ಲರೂ ನಕ್ಕರು. ಅಪ್ಪ ಸತ್ತ ಮೇಲೆ ಮೊದಲ ಸಲ ಆಯಿಯೂ ನಕ್ಕಳು. ಆ ನಗು ನನಗೆ ತುಟ್ಟಿಯಾಯಿತು.

ಚಿತ್ರ ಬರೆಯುವುದು ಅಂದರೆ ಕುಂಚ ಹಿಡಿದು ಗೀಚುವುದು ಅಂತ ನಾನು ತಿಳಿದಿದ್ದೆ. ಹಾಗಲ್ಲ. ರಸೂಲ್ ಮಾಮಾ ನಮ್ಮ ಪಡಸಾಲೆಯಲ್ಲೇ ಮೊದಲು ಸಾಗವಾನಿ ಪಟ್ಟಿಯ ಚೌಕಟ್ಟು ಮಾಡಿ ಅದಕ್ಕೆ ದಪ್ಪ ಬಟ್ಟೆಯನ್ನು ಚರ್ಮ ಎಳೆದ ಹಾಗೆ ಎಳೆದು ಮೊಳೆ ಹೊಡೆದ. ಅಂಟು ಕುದಿಸಿ ಬಳಿದ. ಸತ್ತ ದನದ ವಾಸನೆ ಮನೆ ತುಂಬ. ಆರಿದ ಮೇಲೆ ಬಿಳಿ, ಬಿಳಿಯ ಮೇಲೆ ಉಸುಕಿನ ಕಾಗದದಿಂದ ತಿಕ್ಕಿ ಮತ್ತೆ ಬಿಳಿ. ನೀಲಿ ಪುಡಿ ಹಚ್ಚಿದ ದಾರವನ್ನು ಬಟ್ಟೆಯ ಮೇಲೆ ಬಿಗಿಹಿಡಿದು ಚಟ್ ಅಂತ ಬಿಟ್ಟರೆ ಗೆರೆ ಬೀಳುತ್ತಿತ್ತು. ಹಾಗೆ ಅಡ್ಡ ಉದ್ದ ಚೌಕಗಳು. ಮೊದಲು ಹೇಳಿದ ಆ ತಾಲೀಮಿನ ಹುಡುಗನಿಗೆ ಲಂಗೋಟಿ ಹಾಕಿಸಿ, ಗದೆ ಕೊಟ್ಟು ಅಂಗಳದಲ್ಲಿ ನಿಲ್ಲಿಸಿದರು. ಅವನ ಮೈಯನ್ನು ಇದ್ದಲಿನಲ್ಲಿ ಬರೆದು, ಮೊದಲು ಬರೀ ಕಂದು ಬಣ್ಣದಲ್ಲೇ ನೆರಳು ಬೆಳಕು ಕೂರಿಸಿದ. ವಸ್ತಾದ ಕಾಕಾ ತಾಲೀಮಿನ ಮಣ್ಣು ಒಂದು ಹಿಡಿ ತಂದುಕೊಟ್ಟ, ತುಪ್ಪ ಮಜ್ಜಿಗೆ ಅರಿಸಿನ ಹಾಕಿ ಹದ ಮಾಡಿದ ಕೆಂಪು ಮಣ್ಣು. ರಸೂಲ್ ಮಾಮಾ ಅದನ್ನು ಅರೆದು, ಅಗಸೆ ಎಣ್ಣೆಯಲ್ಲಿ ಕಲಸಿ, ಹೆಗಲ ಮೇಲೂ ಮೊಣಕಾಲಿನ ಮೇಲೂ ಮೆತ್ತಿದ. ಈಗಲೂ ಅಲ್ಲಿ ಇರುವುದು ಬಣ್ಣವಲ್ಲ, ನಿಜವಾದ ಮಣ್ಣು. ಅಲ್ಲಿಯವರೆಗೆ ನನಗೂ ಅದು ತಮಾಷೆಯೇ. ಮೈ ಮುಗಿಯಿತು. ಕುತ್ತಿಗೆಯ ಮೇಲೆ ಖಾಲಿ ಬಿಳಿ. ಆಗ ಕುರ್ಚಿ ತಂದರು.

ಕುರ್ಚಿಯನ್ನು ಪಡಸಾಲೆಯ ಬಾಗಿಲ ಪಕ್ಕ ಹಾಕಿದರು, ಒಂದೇ ಕಡೆಯಿಂದ ಬೆಳಕು ಬೀಳಲಿ ಅಂತ. ವಸ್ತಾದ ಕಾಕಾ ನನ್ನ ಜಡೆ ಬಿಚ್ಚಿಸಿ, ಕೂದಲು ಎತ್ತಿ ಕಟ್ಟಿಸಿ, ಅದರ ಮೇಲೆ ಅಪ್ಪನ ಕೇಸರಿ ಪಟಕಾ ಸುತ್ತಿದ. ಅಪ್ಪನ ಬೆವರಿನ ವಾಸನೆ ಇನ್ನೂ ಅದರಲ್ಲಿತ್ತು. ಭಾರಕ್ಕೆ ಕುತ್ತಿಗೆ ಉಳುಕುತ್ತಿತ್ತು. ಎಡಕ್ಕೆ ನೋಡು, ಗದ್ದ ಎತ್ತು, ತುಟಿ ಮುಚ್ಚು, ಕಣ್ಣು ಪಿಳುಕಿಸಬೇಡ ಅನ್ನುತ್ತಿದ್ದ ರಸೂಲ್ ಮಾಮಾ. ನನ್ನ ಎದುರಿಗೆ ಗೋಡೆಯಲ್ಲಿ ಒಂದು ಬಿರುಕು. ಆ ಬಿರುಕಿನ ನಕಾಶೆ ನನಗೆ ಇವತ್ತೂ ಬಾಯಿಪಾಠ. ಬಿಸಿಲು ಹೊಸ್ತಿಲು ದಾಟುವ ತನಕ ಕೂರಬೇಕು, ಆಮೇಲೆ ಬೆಳಕು ಬದಲಾಗುತ್ತದೆ ಅಂತ ಬಿಡುತ್ತಿದ್ದ. ಬಿಟ್ಟರೂ ಹೊರಗೆ ಹೋಗುವಂತಿಲ್ಲ. ಬಿಸಿಲಿಗೆ ಮುಖ ಕಪ್ಪಾಗುತ್ತದೆ. ಅಳುವಂತಿಲ್ಲ, ರೆಪ್ಪೆ ಊದುತ್ತದೆ. ಉಪವಾಸ ಇರುವಂತಿಲ್ಲ, ಕೆನ್ನೆ ಇಳಿಯುತ್ತದೆ. ಆಯಿ ಬಾದಾಮಿ ಅರೆದ ಹಾಲನ್ನು ನನ್ನ ಮುಂದೆ ತಂದಿಡಲು ಶುರು ಮಾಡಿದಳು. ಹುಟ್ಟಿದಾಗಿನಿಂದ ಅದರ ಆಸೆ ಇತ್ತು ನನಗೆ. ಕುಡಿದೆ. ನಾಲ್ಕು ದಿನ ಚೆಂದ ಅನಿಸಿತು, ಆಮೇಲೆ ಗಂಟಲಲ್ಲಿ ಇಳಿಯಲಿಲ್ಲ.

“ಕುಡಿ ಮಾರುತಿ, ತಣ್ಣಗ ಆಗ್ತೈತಿ.”

ಮಾರುತಿ ಅಪ್ಪನ ಹೆಸರು. ನಾನು ಕಾಶವ್ವ. ತಪ್ಪಿ ಅಂದಳು ಅಂದುಕೊಂಡೆ. ಮರುದಿನವೂ ಹಾಗೇ ಅಂದಳು.

ರಜೆ ಮುಗಿದು ಸಾಲಿ ತೆರೆಯಿತು. ನನ್ನದು ಏಳನೇತ್ತೆ, ಅಂದರೆ ಏಳನೇ ತರಗತಿ. ಅಪ್ಪ ಇದ್ದಾಗಲೇ ಅವ್ವ ಅವನ ಊಟದ ಹೊತ್ತು ನೋಡಿ ಒಪ್ಪಿಸಿಟ್ಟಿದ್ದಳು: ಏಳನೇತ್ತೆಯ ಕೊನೆಗೆ ಬರುವ ಮುಲ್ಕಿ ಪರೀಕ್ಷೆ ಕಟ್ಟುವ ತನಕ ಹುಡುಗಿಯನ್ನು ಸಾಲಿ ಬಿಡಿಸಬಾರದು. ಮುಲ್ಕಿ ಪಾಸಾದರೆ ಟೀಚರ್ ಆಗಬಹುದು, ಹಿತ್ತಲು ಬಿಟ್ಟು ಬೇರೆ ಎಲ್ಲಾದರೂ ಬದುಕಬಹುದು. ನನಗೆ ಬೇಕಾಗಿದ್ದದ್ದು ಅಷ್ಟೇ. ಆದರೆ ಮಳೆಗಾಲ ಶುರುವಾಗಿ ಅಗಸೆ ಎಣ್ಣೆಯ ಬಣ್ಣ ಆರುವುದೇ ನಿಂತಿತು. ಇವತ್ತು ಹಚ್ಚಿದ ಮೂಗು ನಾಳೆಯೂ ಹಸಿ. ಮುಖ ಮುಗಿಯುವ ತನಕ ನನಗೆ ಸಾಲಿ ಇಲ್ಲ. ಶೇಗಡಿಯಲ್ಲಿ ಕೆಂಡ ಹಾಕಿ ಚಿತ್ರದ ಹಿಂದೆ ಇಟ್ಟರು. ಅವನಿಗೂ ಸೆಕೆ, ನನಗೂ ಸೆಕೆ. ಹಾಗೂ ಹೀಗೂ ಮುಖ ಮುಗಿಯಿತು. ಆಯಿಯನ್ನು ಕರೆದರು. ಅವಳು ಚಿತ್ರದ ಮುಂದೆ ಬಹಳ ಹೊತ್ತು ನಿಂತಳು.

“ಗಲ್ಲ ಅಲ್ಲ ಇದು. ನನ್ನ ಮಗಂದು ತುಂಬಿದ ಗಲ್ಲ.”

ರಸೂಲ್ ಮಾಮಾ ಕೆನ್ನೆ ತುಂಬಿಸಿ ಬರೆದ.

“ಭಾಳ ತುಂಬಿತು. ಗಲ್ಲಾಪೆಟ್ಟಿಗಿ ಮುಂದ ಕುಂತ ಶೇಟಜಿ ಆದ ನೋಡು.”

ಗಲ್ಲ ಇಳಿಸಿದ. ಹುಬ್ಬು ಅಲ್ಲ ಅಂದಳು. ಹುಬ್ಬು ಆದ ಮೇಲೆ ಕಣ್ಣು. ಕಣ್ಣು ಆದ ಮೇಲೆ ಮತ್ತೆ ಗಲ್ಲ. ಒಂದೊಂದು ‘ಅಲ್ಲ’ಕ್ಕೂ ನಾನು ಮತ್ತೆ ಪಟಕಾ ಹೊತ್ತು ಕೂರಬೇಕು, ಅವನು ಹಸಿ ಬಣ್ಣ ಕೆರೆದು ಮತ್ತೆ ಹಚ್ಚಬೇಕು. ಎಷ್ಟು ಕೆರೆದರೂ ಅವನ ಕೈ ತಿರುಗಿ ನನ್ನ ಮುಖಕ್ಕೇ ಬರುತ್ತಿತ್ತು, ಎದುರಿಗೆ ಇದ್ದದ್ದು ಅದೊಂದೇ ನೋಡಿ. ದಾಂಡೇಲಿಯಲ್ಲಿ ಅವನ ಲಾರಿಗಳು ನವಿಲಿಲ್ಲದೆ ಓಡಾಡುತ್ತಿದ್ದವು. ಬಿಟ್ಟು ಹೋಗೋಣವೆಂದರೆ ವಸ್ತಾದ ಕಾಕಾನಿಗೆ ಕೈಮುಟ್ಟಿ ಮಾತು ಕೊಟ್ಟಿದ್ದ.

“ಬೇಟಿ, ನಿಮ್ಮ ಆಯಿ ಹೌದು ಅನ್ನೂ ತನಕ ನೀನೂ ಕೈದಿ, ನಾನೂ ಕೈದಿ.”

“ನಿಮಗ ಬೀಡಿ ಸೇದಾಕರೆ ಹೊರಗ ಬಿಡ್ತಾರ್ರಿ ಮಾಮಾ.”

“ಆತು ಬಿಡು, ನೀ ದೊಡ್ಡ ಕೈದಿ.”

ಪಕ್ಕದ ಮನೆಯ ಹುಡುಗಿ ಸಾಲಿಯಿಂದ ಸುದ್ದಿ ತಂದಳು: ಪಂಚಮಿ ಮುಗಿದ ಮೇಲೂ ಬರದಿದ್ದರೆ ಹಾಜರಿ ಪುಸ್ತಕದಿಂದ ನನ್ನ ಹೆಸರು ಹೊಡೆದುಹಾಕುತ್ತಾರಂತೆ. ಅದೇ ವಾರ ಒಂದು ಮುಂಜಾನೆ ನಾನು ಹಾಲಿನ ಲೋಟ ತೊಳೆದಿಟ್ಟು ಪಡಸಾಲೆಗೆ ಬಂದರೆ ಆಯಿ ಒಬ್ಬಳೇ ಚಿತ್ರದ ಮುಂದೆ ಕುಳಿತಿದ್ದಳು. ಸೆರಗಿನ ತುದಿಯಿಂದ ಬರೆದ ಪಾದ ಒರೆಸುತ್ತ ಮಾತಾಡುತ್ತಿದ್ದಳು.

“ಅವಸರ ಏನೈತೋ ಮಾರುತಿ? ಆ ಗ್ವಾಡಿ ಮ್ಯಾಲ ಹೋದಿ ಅಂದ್ರ ತಿರುಗಿ ಮನಿಗೆ ಬರ್ತೀಯೇನು? ನಾ ಅಲ್ಲಾ ಅಂತನ ಇರ್ತೇನಿ. ನೀ ಇಲ್ಲೇ ಇರು.”

ಇಲ್ಲಿಯವರೆಗೆ ಬರೆದದ್ದನ್ನು ಓದಿ, ಪಾಪ ಅನಿಸಿತೇ ಅಂತ ಮೊಮ್ಮಗಳು ಕೇಳಿದಳು. ಇಲ್ಲ. ಗಲ್ಲದ್ದು ಹುಬ್ಬಿನದ್ದು ತಪ್ಪಾದರೆ ತಿದ್ದಬಹುದು, ಇದಕ್ಕೆ ಯಾವ ಬಣ್ಣ ಹಚ್ಚುವುದು? ನಾನು ಆ ಕುರ್ಚಿಯಲ್ಲೇ ದೊಡ್ಡವಳಾಗಿ, ಮುದುಕಿಯಾಗಿ, ಪಟಕಾ ಸುತ್ತಿಕೊಂಡೇ ಸಾಯುತ್ತೇನೆ ಅನಿಸಿತು. ಸೀದಾ ನಡುಮನೆಗೆ ಹೋದೆ. ಗಂಡ ಸತ್ತವಳು ವರ್ಷ ತುಂಬುವ ತನಕ ಗಂಡಸರಿರುವ ಪಡಸಾಲೆಗೆ ಬರಬಾರದೆಂದು ಅವ್ವನನ್ನು ಅಲ್ಲೇ ಕೂರಿಸಿದ್ದರು. ಇಷ್ಟೂ ತಿಂಗಳು ತನ್ನ ಗಂಡನ ಚಿತ್ರ ಒಂದು ಗೋಡೆಯ ಆಚೆ ಏಳುತ್ತಿದ್ದರೂ ಅವಳು ನೋಡಿರಲಿಲ್ಲ. ಕತ್ತಲಲ್ಲಿ ಅಕ್ಕಿ ಆರಿಸುತ್ತಿದ್ದಳು.

“ಅವ್ವಾ, ಆಯಿ ಯಾವತ್ತೂ ಹೌದು ಅನ್ನಂಗಿಲ್ಲ.”

“ಗೊತ್ತೈತಿ.”

“ಮತ್ತ ನನ್ನ ಸಾಲಿ?”

ಅವಳು ಮೊರವನ್ನು ಒಮ್ಮೆ ಕೇರಿದಳು.

“ಒಮ್ಮೆರೆ ಬಂದು ನೋಡಬೇ.”

“ನನ್ನ ಯಾರು ಕರದಾರ?”

“ನಾ ಕರ್ಯಾಕತ್ತೇನಲ್ಲ!”

ಅವ್ವ ಮೊರದಲ್ಲಿದ್ದ ಕಲ್ಲನ್ನು ಆರಿಸಿ ಬದಿಗಿಟ್ಟಳು.

ಪಂಚಮಿಯ ಹಿಂದಿನ ದಿನ ಮುಂಜಾನೆ ವಸ್ತಾದ ಕಾಕಾ ಬಂದ. ಎಲ್ಲರ ಮನೆಯಿಂದ ಪಂಚಮಿಯ ಉಂಡಿ ಕಟ್ಟುವ ಬೆಲ್ಲದ ವಾಸನೆ ಬರುತ್ತಿತ್ತು, ಸೂತಕದ ವರ್ಷ ನಮ್ಮಲ್ಲಿ ಉಂಡಿ ಇಲ್ಲ. ನಾನು ಕುರ್ಚಿಯಲ್ಲಿ, ರಸೂಲ್ ಮಾಮಾ ಕುಂಚ ಹಿಡಿದು, ಆಯಿ ಚಿತ್ರದ ಮುಂದೆ.

“ಏನ್ರಿ ಆಯಿ, ನಾಳೆ ಪೂಜಿ. ಹೌದು ಅಂದುಬಿಡ್ರಿ.”

“ಅಲ್ಲ ಐತಿ. ಅಲ್ಲದ್ದು ಹೆಂಗ ಹೌದು ಅನ್ಲಿ?”

“ಏನ ಅಲ್ಲ ಐತಿ ಅದನ್ನರ ಹೇಳ್ರಿ!”

“ಕಿವಿ.”

ಹಾಗೆ ಅಂದವಳು ಆಯಿ ಅಲ್ಲ. ಅವ್ವ ನಡುಮನೆಯ ಹೊಸ್ತಿಲಿನ ಈಚೆ ನಿಂತಿದ್ದಳು, ತಲೆಯ ಮೇಲೆ ಸೆರಗು ಎಳೆದುಕೊಂಡು. ವಸ್ತಾದ ಕಾಕಾ ಮುಖ ಆಚೆ ತಿರುಗಿಸಿದ. ಅವ್ವ ಅದನ್ನು ಲೆಕ್ಕಕ್ಕೆ ಹಿಡಿಯದೆ ಚಿತ್ರದ ಹತ್ತಿರ ನಡೆದಳು.

“ಇವು ನನ್ನ ಮಗಳ ಕಿವಿ. ಅವರ ಕಿವಿ ಒಡದಿದ್ದವು.”

ಕುಸ್ತಿ ನೋಡದವರಿಗೆ ಹೇಳಬೇಕು: ಮಣ್ಣಿನಲ್ಲಿ ತಲೆಗೆ ತಲೆ ಕೊಟ್ಟು ಉಜ್ಜಿ ಉಜ್ಜಿ ಪೈಲ್ವಾನರ ಕಿವಿ ಒಡೆದು, ಒಳಗೆ ರಕ್ತ ಗಟ್ಟಿಯಾಗಿ, ಎಣ್ಣೆಗೆ ಬಿಟ್ಟ ಭಜಿಯ ಹಾಗೆ ಮುದ್ದೆಯಾಗುತ್ತದೆ. ತಾಲೀಮಿನಲ್ಲಿ ಎಲ್ಲರ ಕಿವಿಯೂ ಹಾಗೇ, ಅದಕ್ಕೇ ಒಬ್ಬರಿಗೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ರಸೂಲ್ ಮಾಮಾ ಕುಸ್ತಿಯವನಲ್ಲ, ಎದುರಿಗಿದ್ದ ನನ್ನ ಎಳೆಯ ಕಿವಿಗಳನ್ನು ಕಂಡ ಹಾಗೆ ಬರೆದಿದ್ದ. ವಸ್ತಾದ ಕಾಕಾನ ಕೈ ತನ್ನಷ್ಟಕ್ಕೆ ತನ್ನ ಕಿವಿಗೆ ಹೋಯಿತು.

“ಥೂ ನಮ್ಮ! ಇಷ್ಟು ದಿನ ನೋಡಿದೆವಲ್ಲೋ... ರಸೂಲಾ, ನಂದ ನೋಡಿ ಬರಿಯೋ.”

ಕಾಕಾ ಹೊಸ್ತಿಲ ಮೇಲೆ ಅಡ್ಡ ತಿರುಗಿ ಕುಳಿತ. ಮಧ್ಯಾಹ್ನದ ಹೊತ್ತಿಗೆ ಕಿವಿ ಮುಗಿಯಿತು. ಏನು ಹೇಳಲಿ, ಅಲ್ಲಿಯವರೆಗೆ ಪಟಕಾ ಸುತ್ತಿಕೊಂಡ ಹುಡುಗಿಯಾಗಿದ್ದದ್ದು ತಟ್ಟನೆ ಪೈಲ್ವಾನ ಆಯಿತು. ನನ್ನದೇ ಕಣ್ಣು, ನನ್ನದೇ ಮೂಗು, ಆದರೆ ಹತ್ತಿರ ಹೋಗಲು ನನಗೇ ಅಂಜಿಕೆ. ಆಯಿ ಮಾತ್ರ ಕೂಗಿದಳು.

“ತಗೀರಿ ಅದನ್ನ! ನನ್ನ ಮಗನ ಕಿವಿ ಎಲಿ ಹಂಗಿದ್ದವು!”

“ನೀವು ಹೆತ್ತಾಗ ಇದ್ದವ್ರಿ ಅತ್ತಿ. ನಾ ಬಂದಾಗ ಹಿಂಗ ಇದ್ದವು. ಇಷ್ಟು ವರ್ಷ ಇವಕ್ಕ ಬಿಸಿ ಎಣ್ಣಿ ಬಿಟ್ಟಾಕಿ ನಾನು.”

“ನಾ ಹೌದು ಅನ್ನಂಗಿಲ್ಲ. ಹೆತ್ತಾಕಿ ನಾನು. ವಸ್ತಾದ, ಪದ್ಧತಿ ಏನು ಹೇಳು!”

ವಸ್ತಾದ ಕಾಕಾ ನೆಲ ನೋಡಿದ. “ಹೆತ್ತಾಕಿ ಹೌದು ಅನ್ನಬೇಕು, ಖರೆ” ಅಂದ. ನನ್ನ ತಲೆಯ ಮೇಲಿನ ಪಟಕಾ ಮತ್ತಷ್ಟು ಭಾರವಾಯಿತು. ಅವ್ವ ನನ್ನ ಕಡೆ ನೋಡಿದಳು, ಚಿತ್ರದ ಕಡೆ ನೋಡಿದಳು. ಅವಳು ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಅವತ್ತೂ ದನಿ ಏರಿಸಲಿಲ್ಲ.

“ಮಾರಿ ಹೆತ್ತಾಕಿ ಹೌದು ಅನ್ನಬೇಕಲ್ರಿ? ಅಲ್ಲಿರೂ ಮಾರಿ ನಾ ಹೆತ್ತದ್ದು. ಕುರ್ಚಿ ಮ್ಯಾಲ ಕುಂತೈತಿ ನೋಡ್ರಿ. ನಾ ಹೌದು ಅಂತೇನಿ.”

ಹಿತ್ತಲಲ್ಲಿ ಎಮ್ಮೆ ಒದರುತ್ತಿತ್ತು. ವಸ್ತಾದ ಕಾಕಾ ಎದ್ದು ಧೋತರ ಕೊಡವಿದ.

“ರಸೂಲಾ, ಬಣ್ಣ ಆರೇದೇನು?”

“ಕಿವಿ ಹಸಿ ಐತ್ರಿ.”

“ಇರಲಿ. ಎತ್ತು.”

ನನ್ನ ತಲೆಯಿಂದ ಪಟಕಾ ಬಿಚ್ಚಿದವಳು ಅವ್ವ. ಕೂದಲು ಬುಡಕ್ಕೆ ಅಂಟಿ ಹೋಗಿತ್ತು. ರಸೂಲ್ ಮಾಮಾ ಟ್ರಂಕು ತುಂಬಿ ಅದೇ ಸಂಜೆಯ ಬಸ್ಸಿಗೆ ಹೋದ, ಹೋಗುವಾಗ ನನ್ನ ನೆತ್ತಿಯ ಮೇಲೆ ಕೈಯಿಟ್ಟ. ಪಂಚಮಿಯ ದಿನ ಡೊಳ್ಳು ಬಾರಿಸಿ ಚಿತ್ರ ಗೋಡೆಗೇರಿಸಿದರು. ನಾನೂ ಅವ್ವನೂ ಹೆಂಗಸರು, ಓಣಿಯ ತಿರುವಿನಲ್ಲಿ ನಿಂತು ಸದ್ದು ಕೇಳಿದೆವು. ಆಯಿ ಬರಲಿಲ್ಲ. ಖಾಲಿಯಾದ ಗೋಡೆಗೆ ಮುಖ ಮಾಡಿ ಮಲಗಿದವಳು ಸಂಜೆ ಎದ್ದು ಒಂದೇ ಮಾತು ಅಂದಳು, ಇನ್ನು ಆ ಹಾಲು ಯಾರು ಕುಡಿಯಬೇಕು ಅಂತ. ಅವ್ವ ಹಾಲಿಗೆ ಹೆಪ್ಪು ಹಾಕಿದಳು. ಆ ಮೇಲೆ ಆಯಿ ಬದುಕಿದ್ದಷ್ಟು ಕಾಲವೂ ಸೊಸೆಯ ಜೊತೆ ಉಪ್ಪು ಕಡಿಮೆ, ಖಾರ ಹೆಚ್ಚು ಅನ್ನುವುದು ಬಿಟ್ಟು ಬೇರೆ ಮಾತಾಡಲಿಲ್ಲ. ಅವ್ವ ನಡುಮನೆಗೆ ಹಿಂತಿರುಗಿ ಹೋಗಲೂ ಇಲ್ಲ.

ಮರುದಿನ ಮುಂಜಾನೆ ನಾನು ಎರಡು ಜಡೆ ಹಾಕಿಕೊಂಡು, ಪಾಟಿಚೀಲ ಹೆಗಲಿಗೇರಿಸಿ ಸಾಲಿಗೆ ಹೋದೆ. ಹೆಸರು ಇನ್ನೂ ಹೊಡೆದಿರಲಿಲ್ಲ. ಮಾಸ್ತರರು ಒಳ್ಳೆಯವರು, ನನ್ನನ್ನು ನೋಡಿ ಖುಷಿಪಟ್ಟರು.

“ಬಂದ್ಯಾ ಕಾಶಿ? ಚಲೋ ಆತು. ಕೈ ಕಟ್ಟಿ ನೆಟ್ಟಗ ಕುಂದ್ರು. ಅತ್ತಿತ್ತ ಹೊಳ್ಳಬ್ಯಾಡ, ಇಲ್ಲಿ ನೋಡು.”

ಕುಳಿತೆ. ಗದ್ದ ತಾನಾಗಿ ಎತ್ತಿಕೊಂಡಿತು, ಉಸಿರು ತಾನಾಗಿ ನಿಂತಿತು. ಪಡಸಾಲೆಯ ಕುರ್ಚಿಯಲ್ಲಿ ಕುಳಿತ ಹಾಗೆಯೇ ಮಾಸ್ತರರ ಹಿಂದೆ ಗೋಡೆಯಲ್ಲಿ ನಾನು ಬಿರುಕು ಹುಡುಕುತ್ತಿದ್ದೆ. ಕಾಲು ನನ್ನನ್ನು ಕೇಳದೆ ಎದ್ದು ಹೊರಗೆ ನಡೆದವು. ಅವರು ಕರೆದರು, ಎರಡು ಸಲವೋ ಮೂರು ಸಲವೋ. ನಾನು ಮನೆಗೂ ಹೋಗಲಿಲ್ಲ. ಊರ ಹೊರಗೆ ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿ ಭತ್ತದ ಸಸಿ ನೆಡುತ್ತಿದ್ದರು. ಬದುವಿನ ಮೇಲೆ ನಿಂತೆ.

“ಏನು ಬೇಕವಾ?”

“ಕೆಲಸ.”

“ಬಗ್ಗಾಕ ಬರ್ತೈತೇನು?”

“ಕಲೀತೇನಿ.”

ಪಾಟಿಚೀಲವನ್ನು ಗಿಡದ ಕೊಂಬೆಗೆ ಹಾಕಿ, ಲಂಗ ಎತ್ತಿ ಕಟ್ಟಿ ಕೆಸರಿಗಿಳಿದೆ. ಮಧ್ಯಾಹ್ನ ಅವರೆಲ್ಲ ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚಿದರು, ನನಗೂ ಒಂದು ರೊಟ್ಟಿ ಕೊಟ್ಟು ಕೂರು ಅಂದರು. ನಾನು ನಿಂತೇ ತಿಂದೆ.